ತೇಲುವ ಮನೆಯ ಮಡಿಲಕ್ಕಿ

ಪರ್ತ್‌ನಿಂದ ಅತ್ತೆ ಮತ್ತು ನಾನು ಹೊರಟದ್ದು ಊರು ನೋಡುವುದಕ್ಕಲ್ಲ, ಆಸ್ಟ್ರೇಲಿಯಾದ ಹೊಸ್ತಿಲು ದಾಟಿ ಹೊರಗೆ ಹೋಗಿ ಮತ್ತೆ ಒಳಗೆ ಬರುವುದಕ್ಕೆ. ಅತ್ತೆಯ ವೀಸಾದಲ್ಲಿ ಒಂದು ಷರತ್ತಿದೆ. ಒಂದು ಸಲ ಒಳಗೆ ಬಂದರೆ ಮೂರು ತಿಂಗಳು, ಅಷ್ಟರೊಳಗೆ ದೇಶ ಬಿಡಬೇಕು. ಬಿಟ್ಟು ಮತ್ತೆ ಬರಬಹುದು. ಹಾಗಾಗಿ ನಮ್ಮ ಕಡೆಯವರು ಅಪ್ಪ ಅಮ್ಮನನ್ನು ಬಾಲಿಗೆ ಕರೆದುಕೊಂಡು ಹೋಗಿ, ನಾಲ್ಕು ದಿನ ಸಮುದ್ರ ತೋರಿಸಿ ವಾಪಸು ತರುತ್ತಾರೆ. ನಾವೂ ಎರಡು ಸಲ ಹಾಗೆ ಮಾಡಿದ್ದೆವು. ಈ ಸಲ ಅತ್ತೆ ಒಪ್ಪಲಿಲ್ಲ.

"ಆ ಸಮುದ್ರಕ್ಕೂ ನನ್ನ ಮುಖ ನೋಡಿ ಸಾಕಾಗಿರತ್ತೆ ಕಣೇ ವೀಣಾ. ಬ್ರಿಸ್ಬೇನ್‌ನಲ್ಲಿ ನಮ್ಮ ಸುಮಾ ಇದಾಳಲ್ಲ, ಅಲ್ಲಿಗೆ ಹೋಗಿ ಬಂದ್ರೆ ಆಗಲ್ವಾ? ಇಲ್ಲಾಂದ್ರೆ ಅಡಿಲೇಡ್?"

"ಅವೆಲ್ಲ ಒಳಗೇ ಅತ್ತೆ. ಲೆಕ್ಕಕ್ಕಿಲ್ಲ."

"ವಿಮಾನದಲ್ಲಿ ಐದು ಗಂಟೆ ಹೋದ್ರೂ ಒಳಗೇನಾ? ಇದೆಂಥ ಮನೆನಪ್ಪಾ!" ಎಂದರು.

ಕೊನೆಗೆ ಕಾಂಬೋಡಿಯಾ ಎಂದಾಯಿತು. ಅಲ್ಲಿ ಅಂಕೋರ್‌ನಲ್ಲಿ ದೊಡ್ಡ ವಿಷ್ಣುವಿನ ಗುಡಿ ಇದೆ ಎಂದು ಅತ್ತೆ ಎಲ್ಲೋ ಕೇಳಿದ್ದರು. ಇಬ್ಬರಿಗೂ ಹೋಗಿಬರುವ ಟಿಕೆಟ್ ಎರಡು ಸಾವಿರ ಡಾಲರ್ ದಾಟಿತು. ಬಾಲಿಗೆ ಅದರ ಅರ್ಧದಲ್ಲಿ ಆಗುತ್ತಿತ್ತು ಎಂದು ನನ್ನ ಗಂಡ ಮೋಹನ ಗೊಣಗಿದ. ಅಮ್ಮನ ಎದುರು ಮಾತ್ರ ಗೊಣಗಲಿಲ್ಲ.

ಅತ್ತೆಯ ಬಗ್ಗೆ ಎರಡು ಮಾತು ಹೇಳಬೇಕು. ಮೈಸೂರಿನಲ್ಲಿ ಮೂವತ್ತು ವರ್ಷ ಹೊಲಿಗೆ ಕ್ಲಾಸ್ ನಡೆಸಿದವರು. ಯಾರನ್ನು ಕಂಡರೂ ಮೊದಲು ಅವರ ಬಟ್ಟೆಯ ಅಂಚು ನೋಡುತ್ತಾರೆ, ಆಮೇಲೆ ಮುಖ. ಮಾವ ತೀರಿಕೊಂಡ ಮೇಲೆ ನಮ್ಮ ಜೊತೆ ಇದ್ದಾರೆ, ಅಂದರೆ ಮೂರು ಮೂರು ತಿಂಗಳು ಇದ್ದಾರೆ. ಮೋಹನನಿಗೆ ಎರಡು ವಾರ ಗಣಿಯಲ್ಲಿ ಕೆಲಸ, ಒಂದು ವಾರ ಮನೆ. ನಾನು ಪರ್ತ್ ಸಿಟಿಯ ಒಂದು ಆಫೀಸಿನಲ್ಲಿ ಕೂತು, ಕಬ್ಬಿಣದ ಗಣಿಗಳ ಗುಂಡಿಯಿಂದ ಎಷ್ಟು ನೀರು ಎತ್ತಿ ಹಾಕಬೇಕು ಎಂದು ಲೆಕ್ಕ ಹಾಕುತ್ತೇನೆ. ಆರು ವರ್ಷದ ಮಗಳು ತಾರಾಳನ್ನು ಶಾಲೆಗೆ ಬಿಟ್ಟು, ಕರೆತಂದು, ಉಣ್ಣಿಸಿ, ಅವಳ ಇಂಗ್ಲಿಷಿಗೆ ಕನ್ನಡದಲ್ಲಿ ಉತ್ತರ ಕೊಡುವವರು ಅತ್ತೆ. ಅವರಿಲ್ಲದಿದ್ದರೆ ನಾನು ಕೆಲಸ ಬಿಡಬೇಕು. ಇದರಲ್ಲಿ ಮುಚ್ಚುಮರೆ ಏನೂ ಇಲ್ಲ.

ಹೋದ ಸಲ ಬಾಲಿಯಿಂದ ಮರಳಿದಾಗ ಪರ್ತ್ ವಿಮಾನ ನಿಲ್ದಾಣದ ಅಧಿಕಾರಿ ಅತ್ತೆಯ ಪಾಸ್‌ಪೋರ್ಟಿನ ಹಾಳೆಗಳನ್ನು ಹಿಂದೆ ಮುಂದೆ ತಿರುಗಿಸಿದ್ದ. "ನೀವು ಇಲ್ಲಿಗೆ ಬಂದು ಹೋಗುವವರೋ, ಇಲ್ಲೇ ಇರುವವರೋ?" ಎಂದು ಮರ್ಯಾದೆಯಿಂದಲೇ ಕೇಳಿ, ಪಕ್ಕದ ಬೆಂಚಿನಲ್ಲಿ ಕೂರಿಸಿದ್ದ. ಸ್ವಲ್ಪ ಹೊತ್ತಿನ ಮೇಲೆ ಬಿಟ್ಟ. ಅಂದಿನಿಂದ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಈ ಸಲ ಒಳಗೆ ಬಿಡದಿದ್ದರೆ?

ಜನವರಿಯ ಮೊದಲ ವಾರ, ಮೋಹನ ಮನೆಯಲ್ಲಿದ್ದ ವಾರ ನೋಡಿ ಹೊರಟೆವು. ಪರ್ತ್‌ನಲ್ಲಿ ಬಿಸಿಲು ಕೆಂಡ ಕಾರುತ್ತಿತ್ತು. ಮೋಹನ ನಿಲ್ದಾಣದವರೆಗೆ ಬಿಟ್ಟ. ತಾರಾ, "ಅಜ್ಜಿ, ಬ್ರಿಂಗ್ ಮಿ ಸಮ್‌ಥಿಂಗ್" ಎಂದಳು. ಅತ್ತೆ, "ತರ್ತೀನಿ ಚಿನ್ನ" ಎಂದರು. ನಾನು ತಕ್ಷಣ, "ತಿನ್ನೋದು, ಬೀಜ, ಗಿಡ ಏನೂ ತರಂಗಿಲ್ಲ ಅತ್ತೆ, ಗೊತ್ತಲ್ಲ?" ಎಂದೆ. "ಗೊತ್ತಮ್ಮಾ, ಎಷ್ಟು ಸಲ ಹೇಳ್ತೀಯಾ?" ಎಂದರು.

ಸಿಂಗಪುರಕ್ಕೆ ಐದು ಗಂಟೆ, ಅಲ್ಲಿಂದ ಅಂಕೋರ್ ಇರುವ ಊರು ಸಿಯೆಮ್ ರೀಪ್‌ಗೆ ಎರಡು ಗಂಟೆಯ ಮೇಲೆ ಸ್ವಲ್ಪ. ಹೊಸ ವಿಮಾನ ನಿಲ್ದಾಣ ಊರಿನಿಂದ ಒಂದು ಗಂಟೆ ದೂರ, ಗದ್ದೆಗಳ ನಡುವೆ. ಟ್ಯಾಕ್ಸಿಗೆ ಮೂವತ್ತೈದು ಅಮೆರಿಕನ್ ಡಾಲರ್. ಆ ಊರಿನಲ್ಲಿ ಅಮೆರಿಕದ ನೋಟೇ ನಡೆಯುತ್ತದೆ, ಚಿಲ್ಲರೆ ಮಾತ್ರ ಅವರ ರಿಯಲ್‌ನಲ್ಲಿ ಕೊಡುತ್ತಾರೆ. ಸಸ್ಯಾಹಾರ ಎಂದರೂ ಎಲ್ಲದರಲ್ಲೂ ಮೀನಿನ ಸಾರ ಬಿದ್ದಿರುತ್ತದೆ. ಅತ್ತೆ ಮೂಸಿ ನೋಡಿಯೇ ತಟ್ಟೆ ದೂರ ಸರಿಸಿದರು. ಅವರ ಚೀಲದಲ್ಲಿ ಪುಟ್ಟ ಕರೆಂಟ್ ಕುಕ್ಕರ್, ಸೋನಾ ಮಸೂರಿ ಅಕ್ಕಿ, ಉಪ್ಪಿನಕಾಯಿ, ಒಂದು ಉಂಡೆ ಬೆಲ್ಲ ಇದ್ದವು. ಹೋಟೆಲಿನ ಕೋಣೆಯಲ್ಲಿ ಅನ್ನ ಬೇಯುವ ವಾಸನೆಗೆ ಕೆಲಸದ ಹುಡುಗಿ ಬಾಗಿಲಲ್ಲಿ ಇಣುಕಿ ನಕ್ಕು ಹೋದಳು.

ಮರುದಿನ ಅಂಕೋರ್. ಎಂಟು ಕೈಯ ವಿಷ್ಣುವಿಗೆ ಹಳದಿ ರೇಷ್ಮೆ ಸುತ್ತಿ ಊದುಬತ್ತಿ ಹಚ್ಚಿದ್ದರು. ಜನ ಚಪ್ಪಲಿ ಕಳಚಿ ಕೈ ಮುಗಿಯುತ್ತಿದ್ದರು. ಅತ್ತೆಯೂ ಕೈ ಮುಗಿದು, ಬಟ್ಟೆಯ ತುದಿ ಹಿಡಿದು ನೋಡಿ, "ಅಂಚು ಮಡಿಸಿ ಹೊಲಿದಿಲ್ಲ, ಎಳೆ ಬಿಟ್ಕೊಳ್ತಿದೆ ನೋಡು" ಎಂದರು. ಅವರು ಪ್ರತಿ ಕಂಬದ ಹತ್ತಿರವೂ ನಿಂತರು. ನಾನು ಪ್ರತಿ ಕಂಬದ ಹತ್ತಿರವೂ ಫೋನ್ ತೆಗೆದು, ವೀಸಾ ಷರತ್ತುಗಳ ಪುಟವನ್ನು ಮತ್ತೆ ಓದಿದೆ. ಅದರಲ್ಲಿ ಹೊಸದೇನೂ ಸೇರಿರಲಿಲ್ಲ. ನನಗೆ ಕೂತಲ್ಲಿ ಕೂರಲು ಆಗದು. "ಇವಳ ಅಂಗಾಲಲ್ಲಿ ಮುಳ್ಳಿದೆ" ಎಂದು ನನ್ನಮ್ಮ ಹೇಳುತ್ತಿದ್ದರು. ಆ ಮುಳ್ಳೇ ನಮ್ಮನ್ನು ಸರೋವರಕ್ಕೆ ಎಳೆದುಕೊಂಡು ಹೋದದ್ದು.

ಹೊರಡುವ ದಿನ ವಿಮಾನ ಇದ್ದದ್ದು ಸಂಜೆ. ಬೆಳಗಿನಿಂದ ಕೋಣೆಯಲ್ಲಿ ಕೂತಿದ್ದರೆ ನನಗೆ ಹುಚ್ಚು ಹಿಡಿಯುತ್ತಿತ್ತು. ಹೋಟೆಲಿನ ಎದುರು ಟುಕ್‌ಟುಕ್ ನಿಲ್ಲಿಸಿಕೊಂಡಿದ್ದ ಸೊಖಾ ಎಂಬ ಮೂವತ್ತರ ಯುವಕ, ಟೋನ್ಲೆ ಸಾಪ್ ಸರೋವರದ ತೇಲುವ ಹಳ್ಳಿಗೆ ಕರೆದುಕೊಂಡು ಹೋಗಿ, ಮಧ್ಯಾಹ್ನಕ್ಕೆ ನೇರ ವಿಮಾನ ನಿಲ್ದಾಣಕ್ಕೆ ಬಿಡುತ್ತೇನೆ ಎಂದ. ಎಲ್ಲ ಸೇರಿ ಎಪ್ಪತ್ತು ಡಾಲರ್, ದೋಣಿಯ ಟಿಕೆಟ್ ಬೇರೆ. ತಾನು ಹುಟ್ಟಿದ್ದೇ ಆ ಹಳ್ಳಿಯಲ್ಲಿ, ಇಂಗ್ಲಿಷ್ ಕಲಿತದ್ದು ಪ್ರವಾಸಿಗಳಿಂದ ಎಂದ. ಕೋಣೆ ಖಾಲಿ ಮಾಡಿ, ಸೂಟ್‌ಕೇಸುಗಳನ್ನು ಟುಕ್‌ಟುಕ್ಕಿನ ಹಿಂದೆ ಕಟ್ಟಿಸಿ ಹೊರಟೆವು.

ದಾರಿಯ ಧೂಳು ಕೆಂಪಗಿತ್ತು. ಮೋಹನನ ಬೂಟುಗಳಲ್ಲಿ ಮೂರು ವಾರಕ್ಕೊಮ್ಮೆ ನಮ್ಮ ಮನೆಗೆ ಬರುವ ಧೂಳೂ ಅದೇ ಬಣ್ಣದ್ದು. ತಾವರೆಯ ಕೆರೆಗಳು ದಾಟಿದವು. ರಸ್ತೆ ಬದಿಯಲ್ಲಿ ಹಸಿರು ತಾವರೆಕಾಯಿಗಳನ್ನು ಕಟ್ಟು ಕಟ್ಟಿ ಮಾರುತ್ತಿದ್ದರು. ಅತ್ತೆ ಆಸೆಯಿಂದ ನೋಡಿದರು. ನಾನು ಬೇಡ ಎಂಬಂತೆ ತಲೆ ಆಡಿಸಿದೆ. ಒಂದು ತೆಂಗಿನಕಾಯಿ ಮಾತ್ರ ಕೊಂಡರು, ಸರೋವರ ಕಂಡಾಗ ಒಡೆಯಬೇಕಂತೆ.

ಕಾಲುವೆಯ ದಡದಲ್ಲಿ ಉದ್ದನೆಯ ದೋಣಿ ಹತ್ತಿದೆವು. ಹಾಲು ಹೆಚ್ಚಿಗೆ ಹಾಕಿದ ಚಹಾದ ಬಣ್ಣದ ನೀರು. ಎರಡೂ ಬದಿಯ ಮರಗಳ ಬೊಡ್ಡೆಯ ಮೇಲೆ ಒಣಗಿದ ಕೆಸರಿನ ಗೆರೆ ನನ್ನ ತಲೆಗಿಂತ ಎತ್ತರದಲ್ಲಿತ್ತು. ಮಳೆಗಾಲ ಮುಗಿಯುವಾಗ ನೀರು ಅಲ್ಲಿಯವರೆಗೆ ನಿಂತಿತ್ತು ಎಂದರ್ಥ. ಮೇಕಾಂಗ್ ನದಿ ಉಕ್ಕಿದಾಗ ಈ ಸರೋವರದಿಂದ ಹೊರಗೆ ಹರಿಯುವ ಹೊಳೆ ದಿಕ್ಕು ಬದಲಿಸಿ ಒಳಗೆ ಹರಿಯತೊಡಗುತ್ತದೆ. ಸರೋವರ ಐದಾರು ಪಟ್ಟು ಹಿಗ್ಗುತ್ತದೆ. ಮಳೆ ನಿಂತ ಮೇಲೆ ಹೊಳೆ ಮತ್ತೆ ತಿರುಗಿ ನೀರು ಇಳಿಯುತ್ತದೆ. ಓದಿ ತಿಳಿದಿದ್ದ ವಿಷಯವೇ. ಆದರೂ ಆ ಗೆರೆಯನ್ನೇ ತಿರುತಿರುಗಿ ನೋಡಿದೆ. ನೀರನ್ನು ಎತ್ತಿ ಹೊರಹಾಕುವುದೇ ನನ್ನ ಕಸುಬು, ಅದು ಮನಸ್ಸು ಬಂದಾಗ ಬಂದು ಹೋಗುವುದನ್ನು ನಾನು ಕಂಡಿರಲಿಲ್ಲ.

ಕಾಲುವೆ ಮುಗಿದು ಬಯಲು ನೀರು ತೆರೆದುಕೊಂಡಿತು. ಆಚೆ ದಡ ಕಾಣಲಿಲ್ಲ. ಅಲ್ಲೇ ಹಳ್ಳಿ. ಬಿದಿರಿನ ಕಟ್ಟುಗಳ ಮೇಲೆ, ಡ್ರಮ್ಮುಗಳ ಮೇಲೆ ತೇಲುವ ಮನೆಗಳು, ನೀಲಿ ಹಸಿರು ಬಣ್ಣದವು. ತೇಲುವ ಶಾಲೆ, ತೇಲುವ ಹಂದಿಗೂಡು, ಡಬ್ಬಿಗಳಲ್ಲಿ ತುಳಸಿಯಂಥ ಗಿಡ ಬೆಳೆಸಿದ ತೇಲುವ ಹಿತ್ತಿಲು. ಪೆಟ್ರೋಲನ್ನು ಬಾಟಲಿಗಳಲ್ಲಿ ತುಂಬಿ ಮಾರುವ ಮನೆಯೊಂದನ್ನು ಕಂಡು ಅತ್ತೆ, "ತಾರಾ ಪೆಟ್ರೋಲ್ ಬಂಕಿಗೆ ಸರ್ವೋ ಅಂತಾಳಲ್ಲ, ಅದು ಇದೇ ಅಲ್ವೇನೇ!" ಎಂದು ಕೈತಟ್ಟಿದರು. ಅಲ್ಯೂಮಿನಿಯಂ ಬೋಗುಣಿಯೊಳಗೆ ಕೂತು ಹುಟ್ಟು ಹಾಕುತ್ತಿದ್ದ ಪುಟ್ಟ ಮಗುವೊಂದು ನಮ್ಮನ್ನು ನೋಡಿ ಕೈ ಬೀಸಿತು. ಸರೋವರದ ನೀರಿಗೆ ಕುಂಕುಮ ಹಾಕಿ ಕಾಯಿ ಒಡೆಯಲು ಅತ್ತೆ ಕೈ ಎತ್ತಿದರು. ಅಷ್ಟರಲ್ಲಿ ಸೊಖಾ ನನ್ನ ಕಡೆ ತಿರುಗಿ, "ಮೇಡಂ, ಒಂದು ಉಪಕಾರ ಆಗಬೇಕು" ಎಂದ.

ಅವನ ತಂಗಿಯ ಮನೆಯನ್ನು ಆ ಬೆಳಿಗ್ಗೆ ಬೇರೆ ಜಾಗಕ್ಕೆ ಸರಿಸಬೇಕಿತ್ತಂತೆ. ನೀರು ಇಳಿಯುತ್ತಿದ್ದಂತೆ ಮನೆಗಳನ್ನು ಎಳೆದುಕೊಂಡು ಆಳದ ಕಡೆ ಹೋಗುತ್ತಾರೆ, ಇಲ್ಲದಿದ್ದರೆ ಕೆಸರಿನಲ್ಲಿ ಕೂತುಬಿಡುತ್ತವೆ. ಅವಳ ಗಂಡ ಮೀನಿಗೆ ಹೋಗಿ ಎರಡು ದಿನವಾಗಿದೆ, ಎಳೆಯುವ ದೋಣಿ ಸಿಗುವುದು ಈಗ ಮಾತ್ರ. "ಅರ್ಧ ಗಂಟೆ. ನೀವೂ ಮನೆಯೊಳಗೆ ಕೂತಿರಿ, ಅದೂ ಒಂದು ಪ್ರವಾಸ" ಎಂದು ನಕ್ಕ.

ನಾನು ಗಡಿಯಾರ ನೋಡಿದೆ. ಒಲ್ಲೆ ಎಂದು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಸೀರೆ ನೆರಿಗೆ ಎತ್ತಿಕೊಂಡು ಆ ಮನೆಯ ಜಗಲಿಗೆ ಕಾಲಿಟ್ಟಾಗಿತ್ತು.

ಒಂದೇ ಕೋಣೆಯ ಮನೆ, ಪರ್ತ್‌ನ ನಮ್ಮ ಗ್ಯಾರೇಜಿನಷ್ಟು. ನೆಲದ ಹಲಗೆಗಳ ಸಂದಿಯಲ್ಲಿ ನೀರು ಮಿನುಗುತ್ತಿತ್ತು. ಒಂದು ಜೋಲಿ, ಒಂದು ಟಿವಿ, ಊದುಬತ್ತಿಯ ಗೂಡು. ಹಿಂದಿನ ಅಂಚಿನಲ್ಲಿ ಮಣ್ಣಿನ ಒಲೆ, ಅಕ್ಕಿಯ ಡಬ್ಬ, ಅದರಾಚೆ ನೀರು. ಸೊಖಾನ ತಂಗಿ ಬೊಫಾ ಹೂವಿನ ಚಿತ್ರದ ಅಂಗಿ ಪೈಜಾಮ ತೊಟ್ಟು, ಕೊರಳಿಗೆ ಚೌಕಳಿಯ ವಸ್ತ್ರ ಸುತ್ತಿಕೊಂಡು ಹಗ್ಗ ಬಿಚ್ಚುತ್ತಿದ್ದಳು. ತುಂಬು ಬಸುರಿ, ಏಳು ತಿಂಗಳಿರಬೇಕು. ಬೊಫಾ ಎಂದರೆ ಹೂವು ಎಂದು ಸೊಖಾ ಹೇಳಿದ ಕೂಡಲೇ ಅತ್ತೆ ಅವಳನ್ನು ಪುಷ್ಪ ಎಂದು ಕರೆಯತೊಡಗಿದರು. ಅವಳು ಅದಕ್ಕೂ ಓಗೊಟ್ಟಳು.

ನಾನು ಸೊಖಾನನ್ನು ಕೇಳಿದೆ: "ಹೀಗೆ ಊರೇ ಓಡಾಡುತ್ತಿದ್ದರೆ ವಿಳಾಸ ಏನು ಹೇಳುತ್ತೀರಿ?"

"ನಿನ್ನ ಮನೆ ಎಲ್ಲಿ ಅಂತ ಇಲ್ಲಿ ಯಾರೂ ಕೇಳಲ್ಲ. ಈ ತಿಂಗಳು ಎಲ್ಲಿ ಅಂತ ಕೇಳ್ತಾರೆ" ಎಂದ. ದಡದಲ್ಲಿ ಮನೆ ಕಟ್ಟಲು ನೆಲದ ಕಾಗದ ಬೇಕು, ಅದು ಇಲ್ಲಿ ಬಹಳ ಜನಕ್ಕೆ ಇಲ್ಲ ಎಂದೂ ಹೇಳಿದ.

ನಾನು ಇದನ್ನು ಕನ್ನಡದಲ್ಲಿ ಹೇಳಿದಾಗ ಅತ್ತೆ, "ನನ್ನ ಹಾಗೇ ಅನ್ನು. ಈ ತಿಂಗಳು ಎಲ್ಲಿ?" ಎಂದು ಜೋರಾಗಿ ನಕ್ಕರು. ನಗು ಬೇಗ ನಿಂತಿತು. ಆಮೇಲೆ ಚೀಲ ತಡಕಿ ಅರಿಸಿನ ಕುಂಕುಮದ ಭರಣಿ, ಒಂದು ಹಸಿರು ಕಣ, ಉಳಿದಿದ್ದ ಸೋನಾ ಮಸೂರಿಯ ಪೊಟ್ಟಣ ತೆಗೆದರು. ಒಡೆಯದೆ ಉಳಿದ ತೆಂಗಿನಕಾಯಿ ಹೇಗೂ ಇತ್ತು. ಹೊಲಿಗೆಯವರ ಚೀಲದಲ್ಲಿ ರವಿಕೆ ಬಟ್ಟೆಗೆ ಬರವೆಲ್ಲಿ?

"ತಗೋ, ಅವಳಿಗೆ ಮಡಿಲು ತುಂಬು. ಬಸುರಿ ಹೆಂಗಸು ಮನೆ ಬಿಟ್ಟು ಹೊರಟಿದಾಳೆ, ಬರಿ ಮಡಿಲಲ್ಲಿ ಕಳಿಸ್ತಾರಾ?"

"ಅವಳೆಲ್ಲಿ ಮನೆ ಬಿಟ್ಟಳು ಅತ್ತೆ? ಮನೇನೇ ಅವಳ ಜೊತೆ ಹೊರಟಿದೆ."

"ವಾದ ಮಾಡ್ಬೇಡ. ಜಾಗ ಬಿಡ್ತಿದಾಳೋ ಇಲ್ವೋ? ನೀನು ತುಂಬು, ನಾನು ಆಚೆ ಇರ್ತೀನಿ" ಎಂದು ಎದ್ದರು.

ಈ ಎದ್ದು ಹೋಗುವುದು ನನಗೆ ಚೆನ್ನಾಗಿ ಗೊತ್ತು. ಪರ್ತ್‌ನಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೋ ಸೀಮಂತಕ್ಕೋ ಯಾರ ಮನೆಗೆ ಹೋದರೂ, ಅರಿಸಿನ ಕುಂಕುಮದ ತಟ್ಟೆ ಹೊರಡುವ ಮೊದಲೇ ಅತ್ತೆ, "ನಾನು ಕಾಫಿ ನೋಡ್ತೀನಿ" ಎಂದು ಅಡುಗೆಮನೆ ಸೇರುತ್ತಾರೆ. ಗಂಡ ಸತ್ತವಳಿಗೆ ಕುಂಕುಮವಿಲ್ಲ, ಮಡಿಲಕ್ಕಿಯಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳುವ ಕಷ್ಟವನ್ನು ಅತ್ತೆ ಯಾರಿಗೂ ಕೊಡುವುದಿಲ್ಲ. ಎಲ್ಲರೂ ಅವರ ಕಾಫಿಯನ್ನು ಹೊಗಳುತ್ತಾರೆ. ನನಗೆ ಅದು ಕೇಳಿದಾಗಲೆಲ್ಲ ಮೈ ಉರಿಯುತ್ತದೆ.

ಆದರೆ ತೇಲುವ ಮನೆಯಲ್ಲಿ ಎದ್ದು ಹೋಗುವುದಾದರೂ ಎಲ್ಲಿಗೆ? ಅತ್ತೆ ಹಿಂದಿನ ಅಂಚಿಗೆ ಹೋಗಿ, ಒಲೆಯ ಪಕ್ಕದಲ್ಲಿ, ನಮಗೆ ಬೆನ್ನು ಮಾಡಿ ನೀರು ನೋಡುತ್ತ ನಿಂತರು. ಅದರಾಚೆ ಒಂದು ಹೆಜ್ಜೆಗೂ ಜಾಗವಿರಲಿಲ್ಲ.

ನಾನು ಬೊಫಾಳನ್ನು ಕೂರಿಸಿ, ಹಣೆಗೆ ಕುಂಕುಮವಿಟ್ಟು, ಅವಳ ಕೊರಳ ವಸ್ತ್ರವನ್ನು ಮಡಿಲಿಗೆ ಹರಡಿಸಿ, ಬೊಗಸೆ ಬೊಗಸೆ ಅಕ್ಕಿ ಸುರಿದೆ. ಕಾಯಿ, ಕಣ, ಬೆಲ್ಲದ ಒಂದು ತುಂಡು ಇಟ್ಟೆ. ಅವಳು ಮೊದಲು ನಕ್ಕಳು, ಆಮೇಲೆ ನಗಲಿಲ್ಲ. ಸೊಖಾ ಏನೋ ಕೇಳಿದ, ಅವಳು ಏನೋ ಹೇಳಿದಳು. ಮಡಿಲಿನದನ್ನು ಜೋಪಾನವಾಗಿ ಜೋಲಿಯಲ್ಲಿಟ್ಟು, ಎದ್ದು ಹಿಂದಕ್ಕೆ ಹೋಗಿ ತನ್ನ ಅಕ್ಕಿಯ ಡಬ್ಬದ ಮುಚ್ಚಳ ತೆಗೆದಳು. ಹಳೆಯ ಹಾಲಿನ ಡಬ್ಬಿಯೊಂದು ಅವರ ಅಳತೆ. ಅದರ ತುಂಬ ಅಕ್ಕಿ ತೆಗೆದುಕೊಂಡು ಅತ್ತೆಯ ಭುಜ ಮುಟ್ಟಿದಳು.

ಅತ್ತೆ ತಿರುಗಿದರು. ತುಂಬಿದ ಡಬ್ಬಿ ಕಂಡು ಕೈ ಅಡ್ಡ ಮಾಡಿದರು. "ನನಗಲ್ಲಮ್ಮ, ಅವಳಿಗೆ. ವೀಣಾ, ಹೇಳೇ ಇವಳಿಗೆ, ನನಗೆ ಹಾಕಬಾರದು ಅಂತ."

ಸೊಖಾ ಹೇಳಿದ: "ಅವಳು ದೊಡ್ಡವರಿಗೆ ಮೊದಲು ಅಂತಿದಾಳೆ."

ಹಾಕಬಾರದು ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಲು ನನಗೆ ಬರುತ್ತಿತ್ತು. ನಾನು ಹೇಳಲಿಲ್ಲ. "ಅವಳು ದೊಡ್ಡವರಿಗೆ ಮೊದಲು ಅಂತಿದಾಳೆ ಅತ್ತೆ" ಎಂದಷ್ಟೇ ಕನ್ನಡದಲ್ಲಿ ಹೇಳಿದೆ.

ಬೊಫಾ ಕಾಯುತ್ತ ನಿಂತಿದ್ದಳು. ಅತ್ತೆಯ ಬಲಗೈ ಮೆಲ್ಲಗೆ ಸೆರಗಿನ ತುದಿ ಹಿಡಿಯಿತು, ಎಡಗೈ ಅದನ್ನು ಹರಡಿತು. ಎಷ್ಟೋ ವರ್ಷ ಮಾಡದಿದ್ದರೂ ಕೈ ಮರೆತಿರಲಿಲ್ಲ. ಅಕ್ಕಿ ಸುರಿಯಿತು. ಅತ್ತೆ ತಲೆ ಬಗ್ಗಿಸಿಕೊಂಡೇ ಇದ್ದರು. ನನಗೆ ಅಳು ಬಂತು. ಅಷ್ಟರಲ್ಲಿ ಎಳೆಯುವ ದೋಣಿಯ ಯಂತ್ರ ಗುಡುಗಿ, ಮನೆ ಒಮ್ಮೆ ಜಗ್ಗಿ ಹೊರಟಿತು. ಬೊಫಾ ಹಗ್ಗ ಹಿಡಿಯಲು ಓಡಿದಳು. ಮುತ್ತೈದೆಯಾದ ನನಗೆ ಒಂದು ಕಾಳೂ ಬೀಳಲಿಲ್ಲ.

ಅರ್ಧ ಗಂಟೆ ಎಂದದ್ದು ಒಂದೂವರೆ ಗಂಟೆಯಾಯಿತು. ಮನೆ ಗಬ್ಬದ ಎಮ್ಮೆಯ ಹಾಗೆ ನಡೆಯಿತು. ನಡುವೆ ಒಂದು ಕಡೆ ಕೆಸರಿಗೆ ತಾಗಿ ನಿಂತೇಬಿಟ್ಟಿತು. ಸೊಖಾ ನೀರಿಗಿಳಿದು ಗಳ ಹಾಕಿ ದೂಡಿದ. ನಾನು ಎದ್ದು ಬಾಗಿಲಿಗೆ ಹೋಗುವುದು, ಗಡಿಯಾರ ನೋಡುವುದು, ಹಿಂದಕ್ಕೆ ಬರುವುದು. ವಿಮಾನ ತಪ್ಪಿದರೆ ಏನು, ಅತ್ತೆಯ ಸೆರಗಿನ ಅಕ್ಕಿಯನ್ನು ಏನು ಮಾಡುವುದು ಎಂದು ತಲೆಯಲ್ಲಿ ಒಂದೇ ಗಿರಕಿ. ಸೊಖಾ ನೀರಿನೊಳಗಿಂದ ಕೂಗಿದ: "ಮೇಡಂ, ನೀವು ಓಡಾಡಿದ ಕಡೆಗೆಲ್ಲ ಮನೆ ವಾಲುತ್ತೆ. ದಯವಿಟ್ಟು ಕೂತ್ಕೊಳ್ಳಿ!" ಜೀವಮಾನದಲ್ಲಿ ಮೊದಲ ಸಲ ನಾಚಿಕೊಂಡು ಕೂತೆ. ಮನೆ ಕದಲಿತು. ಅತ್ತೆ ಮಾತ್ರ ಮಡಿಲು ಹಿಡಿದುಕೊಂಡು, ಜಾರಿ ಹಿಂದಕ್ಕೆ ಹೋಗುತ್ತಿದ್ದ ಮರಗಳನ್ನು ನೋಡುತ್ತ ಕೂತಿದ್ದರು. ಅಷ್ಟು ನಿಶ್ಚಿಂತೆಯಾಗಿ ಅವರು ಕೂತದ್ದನ್ನು ನಾನು ನಮ್ಮ ಮನೆಯ ಸೋಫಾದ ಮೇಲೂ ಕಂಡಿಲ್ಲ.

ಬೊಫಾಳ ಮನೆಯನ್ನು ಹೊಸ ಜಾಗದಲ್ಲಿ ಗೂಟಕ್ಕೆ ಕಟ್ಟಿದ್ದಾಯಿತು. ಹೊರಡುವಾಗ ಅವಳು ಅತ್ತೆಯ ಕೈಯನ್ನು ತನ್ನ ಹೊಟ್ಟೆಯ ಮೇಲಿಟ್ಟುಕೊಂಡಳು. ದೋಣಿ, ಮತ್ತೆ ಟುಕ್‌ಟುಕ್, ಮತ್ತೆ ಕೆಂಪು ಧೂಳು. ಅತ್ತೆ ಅಕ್ಕಿಯನ್ನು ಸೆರಗಿನ ತುದಿಯಲ್ಲಿ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

"ಅತ್ತೆ, ಇದನ್ನ ಸೊಖಾಗೆ ಕೊಟ್ಬಿಡೋಣ."

"ಮಡಿಲಕ್ಕಿ ಕಣೇ. ಕೊಡಂಗಿಲ್ಲ, ಚೆಲ್ಲಂಗಿಲ್ಲ. ಮನೆಗೆ ತಗೊಂಡು ಹೋಗಿ ಬೇಯಿಸಿ ಉಣ್ಣಬೇಕು."

"ಪರ್ತ್‌ನಲ್ಲಿ ಕೇಳ್ತಾರೆ. ಇದೆ ಅಂತ ಹೇಳಿದ್ರೆ ನೋಡಿ, ಬೇಡ ಅನ್ನಿಸಿದ್ರೆ ಕಸಕ್ಕೆ ಹಾಕ್ತಾರೆ. ಇಲ್ಲ ಅಂತ ಸುಳ್ಳು ಹೇಳಿ ಸಿಕ್ಕಿಬಿದ್ರೆ ನಿಮ್ಮ ವೀಸಾನೇ ರದ್ದಾಗಬಹುದು. ಆಮೇಲೆ ತಾರಾ? ನನ್ನ ಕೆಲಸ?"

"ಕಸಕ್ಕೆ ಹಾಕ್ತಾರಾ?" ಎಂದರು ಅತ್ತೆ. ಉಳಿದದ್ದು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. "ನಿಮ್ಮ ಮಾವ ಹೋದ್ಮೇಲೆ ನನ್ನ ಸೆರಗಿಗೆ ಬಿದ್ದಿರೋದು ಇದೊಂದೇ ವೀಣಾ. ಕಸಕ್ಕೆ ಹಾಕಕ್ಕೆ ಬಿಡಲ್ಲ ನಾನು."

ನಾನು ಸಿಡುಕಿದೆ. ಅವರು ಸೊಂಟದ ಗಂಟನ್ನು ಇನ್ನಷ್ಟು ಬಿಗಿದುಕೊಂಡರು. ವಿಮಾನ ಸಿಕ್ಕಿತು. ರಾತ್ರಿ ಸಿಂಗಪುರದಲ್ಲಿ ಇಳಿದೆವು.

ಪರ್ತ್‌ನ ವಿಮಾನ ಮರುದಿನ ಬೆಳಿಗ್ಗೆ. ನಿಲ್ದಾಣದ ಕುರ್ಚಿಗಳ ಮೇಲೆ ಕಾಲು ಚಾಚಿದೆವು. ಬೆಳಕು ಹರಿದಾಗ ನನಗೆ ಎಚ್ಚರವಾಯಿತು. ಪಕ್ಕದ ಕುರ್ಚಿ ಖಾಲಿ. ಶೌಚಾಲಯ, ಕಾಫಿ ಅಂಗಡಿ, ಪ್ರಾರ್ಥನೆಯ ಕೋಣೆ, ಎಲ್ಲೂ ಇಲ್ಲ. ಕೊನೆಗೆ ಕುಡಿಯುವ ನೀರಿನ ನಲ್ಲಿಯ ಹತ್ತಿರ, ಕುಂಡದ ಗಿಡದ ಮರೆಯಲ್ಲಿ ಕಂಡರು. ಕುಕ್ಕರಿನ ಪಾತ್ರೆಯನ್ನು ತೊಡೆಯ ಮೇಲಿಟ್ಟುಕೊಂಡು ಕೈಯಿಂದ ಏನೋ ತಿನ್ನುತ್ತಿದ್ದರು. ಬಿಸಿನೀರಿನಲ್ಲಿ ನೆನೆದು ಅರೆಬೆಂದ ಅಕ್ಕಿ, ಮೇಲೆ ಉಳಿದಿದ್ದ ಬೆಲ್ಲ.

"ಅತ್ತೆ, ಏನಿದು?"

"ರಾತ್ರಿ ನೆನೆಹಾಕಿದ್ದೆ. ಪ್ಲಗ್ ಸಿಗ್ತು, ಸ್ವಲ್ಪ ಬೆಂದಿದೆ. ಯಾರೋ ಬಂದು ಪ್ಲಗ್ ಕಿತ್ತುಬಿಟ್ರು." ತುತ್ತು ನುಂಗಿ ಮುಂದುವರಿಸಿದರು: "ಮನೇಲಿ ಉಣ್ಣಬೇಕು ಅಂತ ಶಾಸ್ತ್ರ. ಮನೆ ಯಾವುದು ಅಂತ ನನಗೇ ಗೊತ್ತಿಲ್ಲ. ಹೊಟ್ಟೆ ನನ್ನದೇ ತಾನೆ? ಈಗ ಯಾವನು ಕಿತ್ಕೊಂಡು ಕಸಕ್ಕೆ ಹಾಕ್ತಾನೋ ಹಾಕ್ಲಿ. ಬಾ, ಕೂತ್ಕೋ. ನಿನಗೆ ಅವಳು ಹಾಕಲಿಲ್ಲವಲ್ಲ."

ಕೂತೆ. ಅವರು ಕೈತುತ್ತು ಹಾಕಿದರು. ಅಕ್ಕಿ ಹಲ್ಲಿಗೆ ಸಿಕ್ಕುತ್ತಿತ್ತು, ಸರೋವರದ ಹೊಗೆಯ ವಾಸನೆಯಿತ್ತು, ಬೆಲ್ಲ ಒಂದೇ ಕಡೆ ಜಾಸ್ತಿಯಾಗಿತ್ತು. ಅತ್ತೆ ಮಾಡಿದ ಅಡುಗೆಯಲ್ಲೆಲ್ಲ ಅದೇ ಕೆಟ್ಟದ್ದು. ನಾವಿಬ್ಬರೂ ಒಂದು ಕಾಳು ಬಿಡದೆ ಮುಗಿಸಿದೆವು. ಅತ್ತೆ ಪಾತ್ರೆ ತೊಳೆದು, ಖಾಲಿ ಸೆರಗಿನ ತುದಿಯನ್ನು ಕೊಡವಿ ಮತ್ತೆ ಗಂಟು ಹಾಕಿಕೊಂಡರು.

ಉಪ್ಪಿನಕಾಯಿ ಹೋಟೆಲಿನಲ್ಲೇ ಮುಗಿದಿತ್ತು. ವಿಮಾನದಲ್ಲಿ ಕೊಟ್ಟ ಕಾರ್ಡಿನಲ್ಲಿ ಆಹಾರ ಇದೆಯೇ ಎಂಬುದಕ್ಕೆ ಇಲ್ಲ ಎಂದು ಗುರುತು ಹಾಕಿದೆ. ಸಿಹಿನೀರಿನ ಕೆರೆ, ಸರೋವರಗಳ ಸಂಪರ್ಕವಾಗಿದೆಯೇ ಎಂಬುದಕ್ಕೆ ಹೌದು ಎಂದು ಹಾಕಲೇಬೇಕಾಯಿತು.

ಪರ್ತ್‌ನ ಕೌಂಟರಿನಲ್ಲಿ ಈ ಸಲ ಇದ್ದವರು ನಡುವಯಸ್ಸಿನ ಹೆಂಗಸು. ಪಾಸ್‌ಪೋರ್ಟಿನ ಹಾಳೆ ತಿರುಗಿಸಿದರು. ನನ್ನ ಕಾಲು ತನ್ನಷ್ಟಕ್ಕೆ ನೆಲ ಬಡಿಯುತ್ತಿತ್ತು. ಈ ಸಲ ಎಷ್ಟು ದಿನ ಇರುತ್ತೀರಿ ಎಂದು ಅತ್ತೆಯನ್ನೇ ಕೇಳಿದರು. ನಾನು ಬಾಯಿ ಹಾಕುವ ಮೊದಲೇ ಅತ್ತೆ, "ಥ್ರೀ ಮಂಥ್ಸ್. ದೆನ್ ಐ ಗೋ. ದೆನ್ ಐ ಕಮ್" ಎಂದರು. ಸುಳ್ಳಿಲ್ಲ, ಅಳುಕಿಲ್ಲ. ಆಕೆ ಅತ್ತೆಯ ಮುಖ ನೋಡಿದರು, ಪರದೆ ನೋಡಿದರು, ಮತ್ತೆ ಮುಖ ನೋಡಿದರು. ಪಾಸ್‌ಪೋರ್ಟ್ ನಮ್ಮ ಕಡೆ ಸರಿಸಿ, "ಮನೆಗೆ ಸ್ವಾಗತ" ಎಂದರು. ಎಲ್ಲರಿಗೂ ಹೇಳುವ ಮಾತೇ ಇರಬೇಕು.

ಮುಂದೆ ಇನ್ನೊಂದು ಮೇಜು. ಸರೋವರ ಎಂದು ಬರೆದಿದ್ದಕ್ಕೆ ಚಪ್ಪಲಿಗಳ ಅಡಿ ನೋಡಿದರು. ಅತ್ತೆ ಮೊದಲೇ ಉಜ್ಜಿ ತೊಳೆದಿದ್ದರು. ಅಲ್ಲಿದ್ದ ಯುವಕ ಸೊಂಟದ ಗಂಟಿನ ಕಡೆ ಬೆರಳು ತೋರಿಸಿ ಅದೇನು ಎಂದ. ಅತ್ತೆ ಗಂಟು ಬಿಚ್ಚಿ ಹರಡಿದರು. ಖಾಲಿ, ಅಕ್ಕಿಯ ಬಿಳಿ ಹುಡಿ ಮಾತ್ರ ಎಳೆಗಳಿಗೆ ಅಂಟಿತ್ತು.

"ರೈಸ್," ಎಂದರು ಅತ್ತೆ. ಹೊಟ್ಟೆ ತಟ್ಟಿ ತೋರಿಸಿದರು. "ನೌ ಹಿಯರ್."

ಅವನು ನಕ್ಕು, ಆ ತುದಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಕೊಟ್ಟು ಬಿಟ್ಟುಬಿಟ್ಟ.

ಹೊರಗೆ ಮೋಹನ, ತಾರಾ ಕಾಯುತ್ತಿದ್ದರು. "ಅಜ್ಜಿ, ವಾಟ್ ಡಿಡ್ ಯು ಬ್ರಿಂಗ್?" ಎಂದು ತಾರಾ ಜಿಗಿದಳು. ತೇಲುವ ಮನೆಯ ಕಥೆ ತಂದಿದೀನಿ ಎಂದು ಅತ್ತೆ ಅವಳನ್ನು ಪಕ್ಕಕ್ಕೆಳೆದುಕೊಂಡು ಕಾರಿನಲ್ಲಿ ಕೂತರು.

ಮೋಹನ ಕಾರು ಹೊರಡಿಸುತ್ತ, "ಅಮ್ಮಾ, ಸಂಕ್ರಾಂತಿಗೆ ಬೆಂಟ್ಲಿ ಬಡಾವಣೆಯ ಕನ್ನಡದವರ ಮನೆಗೆ ಎಲ್ಲರನ್ನೂ ಕರೆದಿದಾರೆ. ಎಳ್ಳು ಬೀರೋದು, ಅರಿಸಿನ ಕುಂಕುಮ ಎಲ್ಲಾ ಇದೆಯಂತೆ. ಮಧ್ಯಾಹ್ನ ಮೂರಕ್ಕೆ. ನಿನಗೆ ಮನಸ್ಸಿಲ್ಲದಿದ್ರೆ ಬೇಡ ಅಂತೀನಿ" ಎಂದ.

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಮುಂದಿನ ಸೀಟಿನಲ್ಲಿದ್ದ ನನ್ನ ಭುಜ ತಟ್ಟಿದರು.

"ಬರ್ತೀನಿ. ವೀಣಾ, ಈ ಸಲ ಕಾಫಿ ನೀನು ನೋಡ್ಕೋ."